ಸುಮ್ನೆ ಕೂಡಿಸಿದರೆ ಸಿಗದ ಲೆಕ್ಕ: ಎಲ್‌ಜಿಬಿಟಿ ರೋಗಿಗಳು ಮತ್ತು ಕ್ಯಾನ್ಸರ್

ಇಂಟರ್‌ಸೆಕ್ಷನಾಲಿಟಿ ಅನ್ನುವ ಉದ್ದ ಪದ ನೋಡಿ ಹೆದರಬೇಡಿ. 1989ರಲ್ಲಿ ಇದನ್ನು ಬಳಕೆಗೆ ತಂದವರು ಅಮೆರಿಕದ ಕಾನೂನು ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್‌ಷಾ. ಕಪ್ಪು ಮಹಿಳೆಗೆ ಆಗುವ ಅನ್ಯಾಯ ಬರೀ ಬಣ್ಣದ ಲೆಕ್ಕ ಹಿಡಿದರೂ ಪೂರ್ತಿ ಕಾಣುವುದಿಲ್ಲ, ಬರೀ ಹೆಣ್ಣು ಅನ್ನುವ ಲೆಕ್ಕ ಹಿಡಿದರೂ ಕಾಣುವುದಿಲ್ಲ, ಎರಡೂ ಕೂಡುವ ಜಾಗದಲ್ಲಿ ನೋಡಬೇಕು ಅಂತ ಅವರ ವಾದ.

ಇದು ನನಗೆ ಅರ್ಥವಾದದ್ದು ಆಡ್ರೆ ಲಾರ್ಡ್ ಅವರ ಅನುಭವ ಓದಿದ ಮೇಲೆ. ಕವಿ, ಕಪ್ಪು ಮಹಿಳೆ, ಲೆಸ್ಬಿಯನ್. 1978ರಲ್ಲಿ ಸ್ತನ ಕ್ಯಾನ್ಸರ್ ಆಗಿ ಒಂದು ಸ್ತನ ತೆಗೆಸಬೇಕಾಯಿತು. ಧೈರ್ಯ ಹೇಳಲು ಬಂದ ಸ್ವಯಂಸೇವಕಿ ತಿಳಿ ಗುಲಾಬಿ ಬಣ್ಣದ ಕೃತಕ ಸ್ತನ ಕೊಟ್ಟರು, ಗಂಡಸರ ಕಣ್ಣಿಗೆ ಮೊದಲಿನಂತೆ ಕಾಣುವ ಬಗ್ಗೆ ಮಾತಾಡಿದರು. ಆ ಬಣ್ಣವೂ ಲಾರ್ಡ್ ಅವರದ್ದಲ್ಲ, ಆ ಬದುಕೂ ಅವರದ್ದಲ್ಲ. ಬಂದವರಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ನನಗೆ ಜಾಸ್ತಿ ನೋವಾದದ್ದು ಅದಕ್ಕೇ.

ಈಗ ತಪಾಸಣೆಗೆ ಬರೋಣ. ಕ್ಯಾನ್ಸರ್ ಬರುವುದು ಅಂಗಕ್ಕೆ, ಫಾರಂನಲ್ಲಿ ಟಿಕ್ ಮಾಡಿದ ಲಿಂಗಕ್ಕಲ್ಲ. ಟ್ರಾನ್ಸ್ ಪುರುಷನಿಗೆ, ಅಂದರೆ ಹುಟ್ಟಿದಾಗ ಹೆಣ್ಣು ಅಂತ ದಾಖಲಾಗಿ ಗಂಡಾಗಿ ಬದುಕುವವರಿಗೆ, ಗರ್ಭಕಂಠ ಇದ್ದರೆ ಅದರ ಪರೀಕ್ಷೆ ಬೇಕೇ ಬೇಕು. ಆದರೆ ದಾಖಲೆಯಲ್ಲಿ ಪುರುಷ ಅಂತಿದ್ದರೆ ಪರೀಕ್ಷೆಗೆ ಕರೆಯುವ ಪಟ್ಟಿಯಿಂದ ಕಂಪ್ಯೂಟರ್ ಅವರ ಹೆಸರನ್ನೇ ಬಿಟ್ಟುಬಿಡಬಹುದು. ಹಾಗೂ ಹೀಗೂ ಪರೀಕ್ಷೆಗೆ ಹೋದರೂ, ಟೆಸ್ಟೋಸ್ಟೆರಾನ್ (ಗಂಡು ಹಾರ್ಮೋನ್) ತೆಗೆದುಕೊಳ್ಳುವವರಲ್ಲಿ ಪ್ಯಾಪ್ ಸ್ಯಾಂಪಲ್, ಅಂದರೆ ಗರ್ಭಕಂಠದಿಂದ ತೆಗೆದ ಜೀವಕೋಶಗಳು, ಪರೀಕ್ಷೆಗೆ ಸಾಲದೇ ಹೋಗುವುದು ಜಾಸ್ತಿ, ಆಗ ಆ ಕಷ್ಟದ ಪರೀಕ್ಷೆಗೆ ಮತ್ತೊಮ್ಮೆ ಹೋಗಬೇಕು. ಟ್ರಾನ್ಸ್ ಮಹಿಳೆಗೆ (ಹುಟ್ಟಿದಾಗ ಗಂಡು ಅಂತ ದಾಖಲಾಗಿ ಹೆಣ್ಣಾಗಿ ಬದುಕುವವರು) ಲಿಂಗ ಬದಲಾವಣೆಯ ಶಸ್ತ್ರಚಿಕಿತ್ಸೆ ಆದಮೇಲೂ ಸಾಮಾನ್ಯವಾಗಿ ಪ್ರಾಸ್ಟೇಟ್ ಗ್ರಂಥಿ ಉಳಿದಿರುತ್ತದೆ. ಅವರು ತೆಗೆದುಕೊಳ್ಳುವ ಹೆಣ್ಣು ಹಾರ್ಮೋನ್ ಈಸ್ಟ್ರೋಜೆನ್, ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಗೆ ರಕ್ತದಲ್ಲಿ ಅಳೆಯುವ ಪ್ರೋಟೀನ್) ಮಟ್ಟವನ್ನು ಇಳಿಸುವುದರಿಂದ ನಾರ್ಮಲ್ ಅಂತ ಬಂದ ರಿಪೋರ್ಟ್ ನಂಬಿ ಸುಮ್ಮನಿರುವಂತಿಲ್ಲ. ಲೆಸ್ಬಿಯನ್ನರಿಗೆ ಪ್ಯಾಪ್ ಪರೀಕ್ಷೆ ಬೇಡ ಅನ್ನುವ ಮಾತೂ ತಪ್ಪು, ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ ಹೆಣ್ಣಿನಿಂದ ಹೆಣ್ಣಿಗೂ ಹರಡುತ್ತದೆ.

ರಾಬರ್ಟ್ ಈಡ್ಸ್ ಅಮೆರಿಕದ ಜಾರ್ಜಿಯಾದವರು, ಟ್ರಾನ್ಸ್ ಪುರುಷ. ಅವರಿಗೆ ಬಂದದ್ದು ಅಂಡಾಶಯದ ಕ್ಯಾನ್ಸರ್. 20ಕ್ಕೂ ಹೆಚ್ಚು ವೈದ್ಯರು ಅವರಿಗೆ ಚಿಕಿತ್ಸೆ ಕೊಡಲು ಒಪ್ಪಲಿಲ್ಲ. ಗಡ್ಡ ಇರುವ ಗಂಡಸು ಸ್ತ್ರೀರೋಗ ಕ್ಲಿನಿಕ್ಕಿಗೆ ಬಂದರೆ ಉಳಿದ ರೋಗಿಗಳು ಏನಂದುಕೊಳ್ಳುತ್ತಾರೋ ಅನ್ನುವ ಮುಜುಗರ ಕೆಲವರಿಗೆ. ಗಂಡಸು ಅಂತ ಬಾಗಿಲು ಮುಚ್ಚಲಿಲ್ಲ, ಅಂಡಾಶಯ ಇದೆ ಅಂತಲೂ ಅಲ್ಲ. ಎರಡೂ ಒಬ್ಬರಲ್ಲೇ ಇದ್ದವು, ಅಷ್ಟೇ. ಚಿಕಿತ್ಸೆ ಸಿಗುವ ಹೊತ್ತಿಗೆ ಕ್ಯಾನ್ಸರ್ ಹರಡಿತ್ತು. 1999ರ ಜನವರಿಯಲ್ಲಿ ತೀರಿಕೊಂಡರು.

ಹಾಗಾಗಿ ಆಸ್ಪತ್ರೆಯಲ್ಲಿ ರೋಗಿಯ ಕೇಸ್ ಬರೆಯುವಾಗ ಮೊದಲು ಅಂಗಗಳ ಪಟ್ಟಿ ಮಾಡಿ: ಯಾವುದು ಇದೆ, ಯಾವುದು ತೆಗೆದಿದ್ದಾರೆ, ಯಾವ ಹಾರ್ಮೋನ್, ಎಷ್ಟು ವರ್ಷದಿಂದ. ಆಮೇಲೆ, ಇವರನ್ನು ಯಾವ ಹೆಸರಿನಿಂದ ಕರೆಯಬೇಕು, ಜೊತೆಗೆ ಬಂದವರು ಇವರಿಗೆ ಏನಾಗಬೇಕು ಅಂತ ಕೇಳಿ. ಊಹಿಸಬೇಡಿ.