ಯಾವ ಗಳಿಗೆಯಿಂದ ಎಣಿಸಬೇಕು?

ಶನಿವಾರ ರಾತ್ರಿ ಹತ್ತಕ್ಕೆ ಕಾಂಡೋಮ್ ಹರಿಯಿತು ಎಂದಿಟ್ಟುಕೊಳ್ಳಿ. ಭಾನುವಾರವಿಡೀ ಎಚ್‌ಐವಿ ತಗುಲಿತೇನೋ ಎಂಬ ಚಿಂತೆ. ಸೋಮವಾರ ಖಾಸಗಿ ಲ್ಯಾಬಿನಲ್ಲಿ ರಕ್ತ ಕೊಟ್ಟು, 'ನೆಗೆಟಿವ್' ಚೀಟಿ ಹಿಡಿದು ನಿರಾಳವಾಗಿ ತೋಟಕ್ಕೆ ಮರಳುವವರಿದ್ದಾರೆ. ಆ ಚೀಟಿಗೆ ಶನಿವಾರದ ಸುದ್ದಿ ಗೊತ್ತೇ ಇರುವುದಿಲ್ಲ. ಸೋಂಕು ತಗುಲಿದ್ದರೂ ಸಾಮಾನ್ಯ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಲು ವಾರಗಳು ಬೇಕು. ಖಚಿತ ಮಾತಿಗೆ 3 ತಿಂಗಳು ಕಾಯಬೇಕು. ಅತ್ತ, ಸೋಂಕು ತಡೆಯುವ ಮಾತ್ರೆಗಿದ್ದ ಸಮಯ ಮಂಗಳವಾರ ರಾತ್ರಿ ಹತ್ತಕ್ಕೇ ಮುಗಿದುಹೋಗುತ್ತದೆ.

ಆ ಮಾತ್ರೆಗೆ ಪೆಪ್ ಎನ್ನುತ್ತಾರೆ. 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಮೊದಲ ಎರಡು ಗಂಟೆಯೊಳಗಾದರೆ ಉತ್ತಮ. ಭಾನುವಾರ ಓಪಿಡಿ ಮುಚ್ಚಿದೆಯೆಂದು ಸುಮ್ಮನಿರಬೇಡಿ, ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ 'ಪೆಪ್ ಬೇಕಾಗಬಹುದು' ಎಂದು ನೇರವಾಗಿ ಹೇಳಿ. ಬೇಕೇ ಬೇಡವೇ ಎಂಬುದನ್ನು ವೈದ್ಯರು ಅಪಾಯ ಅಳೆದು ಹೇಳುತ್ತಾರೆ. ರಕ್ತಪರೀಕ್ಷೆಯ ಫಲಿತಾಂಶಕ್ಕೆಂದು ಮೊದಲ ಡೋಸ್ ತಡವಾಗಬಾರದು. ಪೂರ್ತಿ 28 ದಿನ ನುಂಗಬೇಕು. ಹತ್ತು ದಿನಕ್ಕೆ 'ಏನೂ ಆಗಿಲ್ಲವಲ್ಲ' ಎಂದು ಬಿಡುವುದು ಸಾಮಾನ್ಯ ತಪ್ಪು. ಆಮೇಲೆ 6 ವಾರಕ್ಕೆ, 3 ತಿಂಗಳಿಗೆ, 6 ತಿಂಗಳಿಗೆ ಪರೀಕ್ಷೆ.

ಆಸ್ಪತ್ರೆ ಸಿಬ್ಬಂದಿಗೆ ಸೂಜಿ ಚುಚ್ಚಿದಾಗಲೂ ಲೆಕ್ಕ ಇದೇ. ಹರಿಯುವ ನೀರು, ಸೋಪಿನಲ್ಲಿ ತೊಳೆಯಿರಿ. ಒತ್ತಿ ರಕ್ತ ಹಿಂಡುವುದು, ಬೆರಳನ್ನು ಬಾಯಿಗಿಡುವುದು, ಸ್ಪಿರಿಟ್ ಸುರಿಯುವುದು ಬೇಡ.

ಅಂದಹಾಗೆ, ಕಾಂಡೋಮ್ ಹರಿಯುವುದು ಯಾಕೆ? ತೆಂಗಿನೆಣ್ಣೆ ಒಂದು ಕಾರಣ. ಎಣ್ಣೆ, ವ್ಯಾಸಲೀನ್ ತಾಗಿದರೆ ರಬ್ಬರು ಸಡಿಲಾಗುತ್ತದೆ. ನೀರಿನಂಶದ ಜೆಲ್ ಮಾತ್ರ ಬಳಸಿ. ತಿಂಗಳುಗಟ್ಟಲೆ ಪರ್ಸಿನಲ್ಲಿಟ್ಟು ಬಿಸಿಗೆ, ತಿಕ್ಕಾಟಕ್ಕೆ ಸಿಕ್ಕಿದ್ದು, ಹಲ್ಲಿನಿಂದ ಹರಿದು ತೆರೆದದ್ದು, ತುದಿಯಲ್ಲಿ ಗಾಳಿ ಉಳಿಸಿ ತೊಟ್ಟದ್ದು, ಇವೆಲ್ಲ ಕೈಕೊಡುತ್ತವೆ. 'ಎರಡು ಹಾಕಿದರೆ ಭದ್ರ' ಎನ್ನುವುದೂ ಸುಳ್ಳು, ಒಂದಕ್ಕೊಂದು ತಿಕ್ಕಿ ಹರಿಯುತ್ತವೆ.

ಪರೀಕ್ಷೆಗೆ ಸರ್ಕಾರಿ ಆಸ್ಪತ್ರೆಯಲ್ಲಿ 'ಐಸಿಟಿಸಿ' (ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಎಂಬ ಫಲಕ ಹುಡುಕಿ. ವಿರಾಜಪೇಟೆ, ಸೋಮವಾರಪೇಟೆ ತಾಲ್ಲೂಕು ಆಸ್ಪತ್ರೆಗಳಲ್ಲೂ ವಿಚಾರಿಸಬಹುದು. ಶುಲ್ಕವಿಲ್ಲ. ಆಪ್ತಸಮಾಲೋಚಕರು ಒಬ್ಬರನ್ನೇ ಕೂರಿಸಿ ಮಾತಾಡಿ, ಒಪ್ಪಿಗೆ ಪಡೆದ ಮೇಲೆಯೇ ರಕ್ತ ತೆಗೆಯುವುದು. ಒಂದೇ ಕಿಟ್ ಪಾಸಿಟಿವ್ ತೋರಿಸಿತೆಂದರೆ ಅದಿನ್ನೂ ತೀರ್ಪಲ್ಲ: ಬೇರೆ ಬೇರೆ ಬಗೆಯ ಮೂರು ಕಿಟ್‌ಗಳೂ ಒಂದೇ ಮಾತು ಹೇಳಬೇಕು. ಹೊಂದದಿದ್ದರೆ ಎರಡು ವಾರ ಬಿಟ್ಟು ಮತ್ತೆ ಪರೀಕ್ಷೆ. ಖಾಸಗಿ ಲ್ಯಾಬಿನ ಒಂದೇ ಸಾಲಿನ ವರದಿ ನೋಡಿ ಮನೆಯಲ್ಲಿ ರಂಪವಾಗುವ ಮುನ್ನ ಈ ದಾರಿ ಹಿಡಿಯಿರಿ.

ಕೊಡಗು ಚಿಕ್ಕ ಜಿಲ್ಲೆ. ಸಂತೆಯಲ್ಲಿ ಕಂಡವರೇ ಆಸ್ಪತ್ರೆ ಸಾಲಿನಲ್ಲೂ ಕಾಣುತ್ತಾರೆ, ಅಳುಕು ಸಹಜ. ಹಾಗಿದ್ದರೆ ಮೈಸೂರಿನದೋ ಮಂಗಳೂರಿನದೋ ಐಸಿಟಿಸಿಗೆ ಹೋಗಿ, ಅಡ್ಡಿಯಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದನ್ನೂ, ಫಲಿತಾಂಶ ಬಯಲು ಮಾಡುವುದನ್ನೂ, ಕೆಲಸಕ್ಕಾಗಿ ವರದಿ ಕೇಳುವುದನ್ನೂ ತಡೆಯುತ್ತದೆ. ತೋಟದ ಮಾಲೀಕರಿಗೂ ಇದು ಅನ್ವಯ. ಕಾರ್ಮಿಕರ ಲೈನ್ ಮನೆಯಲ್ಲಿ ಬಚ್ಚಲು, ತಟ್ಟೆ ಹಂಚಿಕೊಂಡರೆ ಎಚ್‌ಐವಿ ಹರಡುವುದಿಲ್ಲ. ಯಾರೊಂದಿಗೆ ಮಾತಾಡಬೇಕೆಂದೇ ತಿಳಿಯದಿದ್ದರೆ 1097ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಗರ್ಭಿಣಿಯರು ತಾಯಿ ಕಾರ್ಡ್ ಮಾಡಿಸುವಾಗಲೇ ಪರೀಕ್ಷೆ ಮಾಡಿಸಿಬಿಡಲಿ. ಚಿಕಿತ್ಸೆಯಿಲ್ಲದಿದ್ದರೆ ಮಗುವಿಗೆ ದಾಟುವ ಸಂಭವ ನೂರಕ್ಕೆ 15ರಿಂದ 45. ಸಕಾಲಕ್ಕೆ ಮಾತ್ರೆ ಸಿಕ್ಕರೆ 5ಕ್ಕೂ ಕೆಳಗೆ.

ಪಾಸಿಟಿವ್ ಬಂದವರಿಗೆ ವೈರಸ್ ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ಸಾಮಾನ್ಯವಾಗಿ ದಿನಕ್ಕೊಂದು, ಸರ್ಕಾರದಿಂದ ಉಚಿತ. ಆರು ತಿಂಗಳಿಗೆ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ನೋಡುತ್ತಾರೆ. ಅದು ಪತ್ತೆಯಾಗದಷ್ಟು ಇಳಿದು ಹಾಗೇ ಉಳಿದರೆ ಲೈಂಗಿಕ ಸಂಗಾತಿಗೆ ಸೋಂಕು ದಾಟುವುದಿಲ್ಲ. ಗ್ಯಾಸಿಗೆ ಕುಡಿಯುವ ಆಂಟಾಸಿಡ್ ಆ ಮಾತ್ರೆಯಲ್ಲಿರುವ ಔಷಧ ಡೊಲುಟೆಗ್ರಾವಿರ್‌ನ ಶಕ್ತಿ ಕುಗ್ಗಿಸುತ್ತದೆ. ಎಆರ್‌ಟಿ ಮಾತ್ರೆಯನ್ನು ಅದಕ್ಕಿಂತ 2 ಗಂಟೆ ಮೊದಲು ಅಥವಾ 6 ಗಂಟೆ ಬಿಟ್ಟು ನುಂಗಿ.

ಮಳೆಗಾಲದ್ದು ಬೇರೆಯೇ ತಾಪತ್ರಯ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮಡಿಕೇರಿ–ಸಂಪಾಜೆ ರಸ್ತೆಯೇ ಮುಚ್ಚಿತ್ತು. ಜೂನ್‌ಗೆ ಮುಂಚೆ ಹೆಚ್ಚು ದಿನದ ಮಾತ್ರೆ ಕೊಡಲು ಎಆರ್‌ಟಿ ಕೇಂದ್ರದಲ್ಲಿ ಕೇಳಿ, ಡಬ್ಬಿಯನ್ನು ತೇವ ತಾಗದಂತೆ ಬಿಗಿಯಾಗಿ ಮುಚ್ಚಿಡಿ. ಕಾಫಿ ಕೊಯ್ಲು ಮುಗಿಸಿ ಊರಿಗೆ ಹೊರಟ ಕಾರ್ಮಿಕರು ವರ್ಗಾವಣೆ ಪತ್ರ ಪಡೆದು ಹೊರಟರೆ ಅಲ್ಲಿನ ಕೇಂದ್ರದಲ್ಲೇ ಚಿಕಿತ್ಸೆ ಮುಂದುವರಿಯುತ್ತದೆ.