ಬೀಟಲ್ ಎಂಜಿನ್ನಿನ ಗಾಳಿಯ ದಾರಿ: ಹಳೆಯ ಬಿಡಿಭಾಗಗಳನ್ನು ಗುರುತಿಸುವ ಬಗೆ

ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಿ ರೇಡಿಯೇಟರ್ ಇಲ್ಲ. ಹಿಂಬದಿಯಲ್ಲಿ ಅಡ್ಡಲಾಗಿ ಮಲಗಿರುವ ನಾಲ್ಕು ಸಿಲಿಂಡರುಗಳನ್ನು ತಣ್ಣಗಿಡುವ ಕೆಲಸ ಡೈನಮೋದ ಶಾಫ್ಟಿಗೆ ಕೂಡಿಸಿದ ಫ್ಯಾನಿನದು ಮತ್ತು ಅದರ ಗಾಳಿಯನ್ನು ಎರಡೂ ಬದಿಗೆ ಹಂಚುವ ತಗಡಿನ ಕವಚದ್ದು. ಬಜಾಜ್ ಚೇತಕ್ ಸ್ಕೂಟರಿನ ಎಂಜಿನ್ ಬಿಚ್ಚಿ ನೋಡಿದವರಿಗೆ ಈ ಏರ್ಪಾಡು ತೀರ ಹೊಸದೆನಿಸದು. 2003ರಲ್ಲಿ ಮೆಕ್ಸಿಕೋದಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ 2.15 ಕೋಟಿಗೂ ಹೆಚ್ಚು ಬೀಟಲ್‌ಗಳು ಹೊರಬಂದಿದ್ದವು. ಹಾಗಾಗಿ ಯುರೋಪ್, ಅಮೆರಿಕಗಳಲ್ಲಿ ಇದರ ಹಳೆಯ ಬಿಡಿಭಾಗಗಳ ವ್ಯಾಪಾರ ಇಂದಿಗೂ ನಡೆಯುತ್ತಿದೆ.

ಈ ಕಾರುಗಳಲ್ಲಿ ಎಂಜಿನ್ ಬದಲಾಯಿಸುವುದು ಸುಲಭವಾದ್ದರಿಂದ, ‘1966ರ ಕಾರಿನಿಂದ ತೆಗೆದದ್ದು’ ಎಂಬ ಮಾರಾಟಗಾರನ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಭಾಗದ ಮೇಲೆ ಅಚ್ಚಾದ ಸಂಖ್ಯೆ ಉಳಿದಿದ್ದರೆ ಅದನ್ನು ಮೊದಲು ಓದಬೇಕು. ಅದರ ಮೊದಲ ಮೂರು ಅಂಕಿಗಳು ಕಾರಿನ ಮಾದರಿಯನ್ನು, ನಡುವಿನ ಮೂರು ಭಾಗದ ಗುಂಪನ್ನು ಹೇಳುತ್ತವೆ: 119 ಇದ್ದರೆ ಗಾಳಿ ತಂಪಿಗೆ ಸೇರಿದ್ದು, 117 ಇದ್ದರೆ ಎಂಜಿನ್ ಎಣ್ಣೆಯನ್ನು ತಣಿಸುವ ಆಯಿಲ್ ಕೂಲರಿಗೆ. ಕೊನೆಯಲ್ಲಿ ಅಕ್ಷರವೊಂದಿದ್ದರೆ ವಿನ್ಯಾಸ ಪರಿಷ್ಕೃತಗೊಂಡಿದೆ ಎಂದರ್ಥ. ಸಂಖ್ಯೆ ತುಕ್ಕಿನಲ್ಲಿ ಅಳಿಸಿಹೋಗಿದ್ದರೆ ಆಕಾರವನ್ನೇ ನೋಡಬೇಕಾಗುತ್ತದೆ.

ಆಕಾರದಲ್ಲಿ ಎದ್ದು ಕಾಣುವ ವ್ಯತ್ಯಾಸ 1971ರ ಮಾದರಿಯದು. ಅದಕ್ಕೂ ಮೊದಲು ಆಯಿಲ್ ಕೂಲರ್ ಕವಚದ ಒಳಗೇ, ಮೂರನೆಯ ಸಿಲಿಂಡರಿನ ನೆತ್ತಿಯ ಮೇಲೆ ನಿಂತಿರುತ್ತಿತ್ತು. ಎಣ್ಣೆಯ ಬಿಸಿಯನ್ನು ಹೀರಿ ಬಂದ ಗಾಳಿಯೇ ಆ ಸಿಲಿಂಡರಿಗೂ ಸಿಗುತ್ತಿದ್ದುದರಿಂದ ಅದು ಉಳಿದವುಗಳಿಗಿಂತ ಹೆಚ್ಚು ಕಾಯುತ್ತಿತ್ತು. ಅದರ ಕಿಡಿಯನ್ನಷ್ಟೇ ಕೊಂಚ ತಡವಾಗಿ ಹಾರಿಸುವ ಉಪಾಯವನ್ನೂ ಎಂಜಿನಿಯರುಗಳು ಮಾಡಿದ್ದರು. 1971ರ ಮಾದರಿಯಲ್ಲಿ ಕೂಲರನ್ನು ಕವಚದಿಂದ ಹೊರಚಾಚಿದ ಪ್ರತ್ಯೇಕ ಗೂಡಿಗೆ ಸರಿಸಿ, ಅದರ ಬಿಸಿಗಾಳಿ ಬೇರೆ ದಾರಿಯಲ್ಲಿ ಹೋಗುವಂತೆ ಮಾಡಿ, ಹೆಚ್ಚಿನ ಗಾಳಿಗಾಗಿ ಅಗಲವಾದ ಫ್ಯಾನನ್ನು ಕೊಟ್ಟರು. ಈ ಗೂಡನ್ನು ಇಂಗ್ಲಿಷಿನಲ್ಲಿ ‘ಡಾಗ್‌ಹೌಸ್’, ಎಂದರೆ ನಾಯಿಗೂಡು, ಎನ್ನುತ್ತಾರೆ. ಆದ್ದರಿಂದ ಕವಚ, ಫ್ಯಾನು, ಕೂಲರುಗಳನ್ನು ಬಿಡಿಬಿಡಿಯಾಗಿ ಮಾರುವುದಕ್ಕಿಂತ ಒಂದೇ ಜೊತೆಯಾಗಿ ಮಾರುವುದು ಕೊಳ್ಳುವವನಿಗೆ ಒಳ್ಳೆಯದು. ಫ್ಯಾನಿನ ನಡುಗುಂಬದ ಸುತ್ತ ಕೂದಲೆಳೆಯ ಬಿರುಕು ಕಂಡರೂ ಅದನ್ನು ಮಾರಬಾರದು, ಏಕೆಂದರೆ ಫ್ಯಾನು ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿಗಿಂತಲೂ ವೇಗವಾಗಿ ತಿರುಗುತ್ತದೆ.

ನನಗೆ ಎಲ್ಲಕ್ಕಿಂತ ಮೆಚ್ಚಿಕೆಯಾದ ಭಾಗ ಥರ್ಮೋಸ್ಟಾಟ್. ಇದು ತಿದಿಯಂತೆ ಮಡಿಕೆ ಮಡಿಕೆಯಾಗಿರುವ, ಮುಚ್ಚಿ ಬೆಸೆದ ಲೋಹದ ಪುಟ್ಟ ಡಬ್ಬಿ. ಒಳಗೆ ಬೇಗ ಆವಿಯಾಗುವ ದ್ರವವಿರುತ್ತದೆ. ತಣ್ಣಗಿರುವಾಗ ಒಳಗಿನ ಒತ್ತಡ ವಾತಾವರಣದ ಒತ್ತಡಕ್ಕಿಂತ ಕಡಿಮೆಯಿರುವುದರಿಂದ ಹೊರಗಿನ ಗಾಳಿ ಅದನ್ನು ಅದುಮಿ ಕುಗ್ಗಿಸಿರುತ್ತದೆ. ಸುತ್ತಲಿನ ಗಾಳಿ 65ರಿಂದ 70 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ದ್ರವ ಆವಿಯಾಗಿ, ಡಬ್ಬಿ ಉದ್ದವಾಗಿ, ಸಿಲಿಂಡರುಗಳಿಗೆ ಗಾಳಿ ಬಿಡುವ ಕವಚದ ಬಾಗಿಲುಗಳು ತೆರೆದುಕೊಳ್ಳುತ್ತವೆ. ಡಬ್ಬಿ ತೂತಾದರೆ ಒಳಗೂ ಹೊರಗೂ ಒತ್ತಡ ಸಮವಾಗಿ ಅದು ತಾನಾಗಿಯೇ ಹಿಗ್ಗಿಕೊಳ್ಳುತ್ತದೆ; ಎಂದರೆ ಕೆಟ್ಟರೂ ಬಾಗಿಲು ತೆರೆದೇ ಇದ್ದು ಎಂಜಿನ್ ಉಳಿಯುತ್ತದೆ. ಪರೀಕ್ಷೆಯೂ ಇದರಿಂದಲೇ ಸಿಗುತ್ತದೆ. ಮೇಜಿನ ಮೇಲೆ ತಣ್ಣಗಿರುವಾಗಲೇ ಉದ್ದವಾಗಿ ನಿಂತಿರುವ ಥರ್ಮೋಸ್ಟಾಟ್ ಸತ್ತಿದೆ. ಕುಗ್ಗಿರುವುದನ್ನು ಪಾತ್ರೆಯ ನೀರಿಗೆ ಹಾಕಿ, ಉಷ್ಣಮಾಪಕ ಹಿಡಿದು, ನಿಧಾನವಾಗಿ ಕಾಯಿಸಿ ನೋಡಬೇಕು.

ಸಿಲಿಂಡರುಗಳ ಅಡಿಯಲ್ಲಿ, ಗಾಳಿಯನ್ನು ಅವುಗಳ ಮೈಮೇಲಿನ ಲೋಹದ ರೆಕ್ಕೆಗಳಿಗೆ ಒತ್ತಿಹಿಡಿಯುವ ಸಣ್ಣ ತಗಡುಗಳೂ ಇವೆ. ಕಾಣದ ಜಾಗದಲ್ಲಿರುವ ಇವನ್ನು ಎಂಜಿನ್ ಬಿಚ್ಚಿದವರು ಮರಳಿ ಹಾಕದೆ ಬಿಟ್ಟಿರುವುದುಂಟು, ಆದ್ದರಿಂದ ಗುಜರಿಯಲ್ಲಿ ಸಿಕ್ಕರೆ ಬಿಡಬಾರದು.

ಬೇರಿಂಗ್ ಸವೆದು ಹಾಳಾದ ಎಂಜಿನ್ನಿನ ಆಯಿಲ್ ಕೂಲರ್ ಮಾತ್ರ ಹೊರಗಿನಿಂದ ಎಷ್ಟೇ ಹೊಳೆಯುತ್ತಿದ್ದರೂ ಮಾರಾಟಕ್ಕೆ ತಕ್ಕದ್ದಲ್ಲ. ಅದರ ಕಿರಿದಾದ ಎಣ್ಣೆ ಹಾದಿಗಳಲ್ಲಿ ಸಿಕ್ಕಿಕೊಂಡ ಲೋಹದ ಪುಡಿಯನ್ನು ಪೂರ್ತಿ ತೊಳೆದು ತೆಗೆಯುವುದು ಕಷ್ಟ, ಮತ್ತು ಆ ಪುಡಿ ಮುಂದಿನ ಎಂಜಿನ್ನಿನ ಬೇರಿಂಗುಗಳಿಗೇ ಹೋಗಿ ಸೇರುತ್ತದೆ. ಅಂಥದ್ದನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕಬೇಕು.