ನಡುನೀರಲ್ಲಿ ಗಾಳಿ ನಿಂತರೆ ಪಟ ಬಿಟ್ಟು ಈಜಬೇಕಾ?

ಪ್ರಶ್ನೆ: ಗಾಳಿಪಟ ಎಳೆಯುವ ಹಲಗೆ ಮೇಲೆ ನಿಂತು ಸಮುದ್ರದಲ್ಲಿ ಹೋಗ್ತೀರಲ್ಲ, ಆ ಕೈಟ್‌ಬೋರ್ಡಿಂಗ್‌ನಲ್ಲಿ ನಡುವೆ ಗಾಳಿ ನಿಂತುಬಿಟ್ಟರೆ ಏನು ಗತಿ? ನನಗೆ ಚೆನ್ನಾಗಿ ಈಜು ಬರುತ್ತೆ. ಪಟ ಬಿಟ್ಟು ಈಜಿಕೊಂಡು ದಡ ಸೇರಬಹುದು ಅಲ್ವಾ?

ಉತ್ತರ: ಬೇಡ. ಪಟ ಬಿಡಬೇಡಿ.

ತುಮಕೂರಿನಲ್ಲಿ ಆಷಾಢದ ಗಾಳಿ ಶುರುವಾಯಿತು ಅಂದರೆ ನನಗೆ ಈ ಪ್ರಶ್ನೆಯೂ ಶುರು. ಸಂಜೆ ಮೈದಾನದಲ್ಲಿ ಹುಡುಗರ ಕೈಗೆ ಚಿಕ್ಕ ಕಲಿಕೆಯ ಪಟ ಕೊಟ್ಟು ನಿಲ್ಲಿಸಿರುತ್ತೇನೆ. ನೋಡೋಕೆ ನಿಂತವರಲ್ಲಿ ಒಬ್ಬರಾದರೂ ಬಂದು ಇದನ್ನೇ ಕೇಳುತ್ತಾರೆ. ಕೇಳಿ ಸುಮ್ಮನಾದರೆ ಪರವಾಗಿಲ್ಲ. ಉತ್ತರವನ್ನೂ ಅವರೇ ಹೇಳಿಬಿಡುತ್ತಾರೆ: "ಈಜು ಬಂದರೆ ಆಯ್ತಲ್ಲ ಸಾರ್." ಆಗಿಲ್ಲ. ಅದಕ್ಕೇ ಈ ಸಲ ಬರೆದೇ ಇಡುತ್ತಿದ್ದೇನೆ.

ಮೇಲಿಂದ ಬೀಳ್ತೀರಾ ಅಂತ ಕೇಳುವವರಿಗೆ ಒಂದೇ ಮಾತು. ಇದು ಪ್ಯಾರಾಗ್ಲೈಡಿಂಗ್ ಅಲ್ಲ. ಮೇಲಿರುವುದು ಪಟ, ನೀವು ನೀರಿನ ಮೇಲೇ ಇರುತ್ತೀರಿ. ಸಾಮಾನ್ಯ ಹಲಗೆ ಓಡೋಕೆ ಸುಮಾರು 12ರಿಂದ 25 ನಾಟ್ ಗಾಳಿ ಬೇಕು, ಅಂದರೆ ಗಂಟೆಗೆ 22ರಿಂದ 46 ಕಿಲೋಮೀಟರ್. ಅದಕ್ಕಿಂತ ತೀರಾ ಕಡಿಮೆಯಾದರೆ ದಾರ ಸಡಿಲವಾಗುತ್ತೆ, ಹಲಗೆ ನಿಧಾನವಾಗುತ್ತೆ, ನೀವು ಎದೆಮಟ್ಟ ನೀರಿಗೆ ಇಳಿಯುತ್ತೀರಿ. ಆಮೇಲೆ ಪಟ ಬಂದು ನೀರಿಗೆ ಬೀಳುತ್ತೆ. ಇಷ್ಟೇ ಆಗೋದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈ ಆಟ ಮೊದಲ ಸಲ ಸೇರಿತು, ರೇಸ್ ನಡೆದಿದ್ದು ಮಾರ್ಸೇ ಕಡಲಿನಲ್ಲಿ. ಗಾಳಿ ಸಾಲದೆ ಅಲ್ಲೂ ಕಾದು ಕೂತಿದ್ದರು. ಗಾಳಿ ನಿಲ್ಲೋದು ಯಾರ ತಪ್ಪೂ ಅಲ್ಲ. ನಿಂತ ಮೇಲೆ ಏನು ಮಾಡುತ್ತೀರಿ ಅನ್ನೋದೇ ಪ್ರಶ್ನೆ.

ಈಗ ಈಜಿನ ವಿಷಯಕ್ಕೆ ಬರೋಣ.

ನಮ್ಮ ಕಡೆಯವರಿಗೆ ಈಜು ಅಂದರೆ ಬಾವಿ. ತೋಟದ ಬಾವಿಗೆ ಮೇಲಿನಿಂದ ದುಮುಕಿದವರು, ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಕಲಿತವರು ಇನ್ನೂ ಎಷ್ಟೋ ಜನ ಇದ್ದಾರೆ. ನಾನೂ ಹಾಗೇ ಕಲಿತದ್ದು. ಆ ಈಜಿನ ಬಗ್ಗೆ ನನಗೆ ಹೆಮ್ಮೆಯೇ ಇದೆ. ಆದರೆ ಬಾವಿಯಲ್ಲಿ ಯಾವ ಕಡೆ ಹತ್ತು ಸಲ ಕೈ ಬೀಸಿದರೂ ಕಲ್ಲು ಸಿಗುತ್ತೆ. ಬಾವಿಯ ನೀರು ನಿಮ್ಮನ್ನು ಎಲ್ಲಿಗೂ ಕರೆದುಕೊಂಡು ಹೋಗಲ್ಲ. ಸಮುದ್ರ ಕರೆದುಕೊಂಡು ಹೋಗುತ್ತೆ. ಚೆನ್ನಾಗಿ ಈಜುವವರೂ ಗಂಟೆಗೆ ಎರಡು ಮೂರು ಕಿಲೋಮೀಟರ್ ಹೋದರೆ ಹೆಚ್ಚು. ಸೊಂಟಕ್ಕೆ ಹಾರ್ನೆಸ್ (ಪಟದ ಕೊಂಡಿ ಸಿಕ್ಕಿಸುವ ಅಗಲ ಪಟ್ಟಿ), ಮೈಮೇಲೆ ಜಾಕೆಟ್ ಇದ್ದರೆ ಅದೂ ಇಲ್ಲ. ಎದುರಿಗೆ ಗಂಟೆಗೆ ಎರಡು ಕಿಲೋಮೀಟರಿನ ಸೆಳೆತ ಇದೆ ಅಂದುಕೊಳ್ಳಿ. ಒಂದು ಗಂಟೆ ಕೈಕಾಲು ಬಡಿದ ಮೇಲೂ ಇದ್ದಲ್ಲೇ ಇರುತ್ತೀರಿ, ಮೈಯಲ್ಲಿ ಕಸುವು ಮಾತ್ರ ಇರಲ್ಲ.

ಇನ್ನು ದಾರ. ಪಟ ನಡೆಸೋಕೆ ಕೈಯಲ್ಲಿ ಹಿಡಿಯುವ ಅಡ್ಡ ಕೋಲಿಗೆ ಬಾರ್ ಅಂತಾರೆ. ಬಾರ್‌ನಿಂದ ಪಟಕ್ಕೆ ನಾಲ್ಕು ದಾರ, ಒಂದೊಂದೂ ಇಪ್ಪತ್ತು ಮೀಟರಿಗಿಂತ ಉದ್ದ. ಗಾಳಿ ನಿಂತಾಗ ಎಂಬತ್ತು ಮೀಟರಿಗೂ ಜಾಸ್ತಿ ದಾರ ನಿಮ್ಮ ಸುತ್ತ ಸುರುಳಿ ಸುರುಳಿಯಾಗಿ ತೇಲುತ್ತಿರುತ್ತೆ. ಎರಡು ಮಿಲಿಮೀಟರ್ ದಪ್ಪವೂ ಇರಲ್ಲ, ಇನ್ನೂರು ಕಿಲೋ ತೂಗಿದರೂ ಹರಿಯಲ್ಲ. ಅದರ ನಡುವೆ ಕಾಲು ಬಡಿದರೆ ಏನಾಗುತ್ತೆ, ನೀವೇ ಯೋಚಿಸಿ. ಸಿಕ್ಕು ಬಿದ್ದ ಕಾಲು ಇದ್ದ ಹಾಗೇ ಗಾಳಿ ಮತ್ತೆ ಬೀಸಿ ಪಟ ಎದ್ದರೆ? ಈ ಆಟದಲ್ಲಿ ನನಗೆ ನಿಜವಾದ ಭಯ ಇರೋದು ಅದೊಂದಕ್ಕೇ.

ಮೂರನೆಯದು, ನೀವು ಕಾಣಲ್ಲ. ಅಲೆಗಳ ಮಧ್ಯೆ ಮನುಷ್ಯನ ತಲೆ ತೇಲುವ ತೆಂಗಿನಕಾಯಿ ಇದ್ದಂತೆ. ದೋಣಿಯವರು ನೂರು ಮೀಟರ್ ದೂರದಲ್ಲಿ ಹೋದರೂ ಗೊತ್ತಾಗಲ್ಲ. ಒಂಬತ್ತು ಚದರ ಮೀಟರಿನ ಪಟ ಅಂದರೆ ಹತ್ತಡಿ ಉದ್ದ ಹತ್ತಡಿ ಅಗಲದ ಕೋಣೆಯಷ್ಟು ಬಟ್ಟೆ, ಅದೂ ಕಣ್ಣಿಗೆ ಹೊಡೆಯುವ ಬಣ್ಣದ್ದು. ಅದನ್ನು ಬಿಟ್ಟು ಬಂದರೆ ಹುಡುಕುವವರು ಪಟದ ಹತ್ತಿರ ಹೋಗುತ್ತಾರೆ. ನೀವು ಬೇರೆಲ್ಲೋ ಇರುತ್ತೀರಿ.

"ಆದರೂ ಪಟ ಮುಳುಗುತ್ತಲ್ಲ?" ಇಲ್ಲ, ಮುಳುಗಲ್ಲ! ನಮ್ಮ ಬಿದಿರುಕಡ್ಡಿ, ಕಾಗದ, ಬಾಲಂಗೋಚಿಯ ಪಟವನ್ನು ಮನಸ್ಸಲ್ಲಿಟ್ಟುಕೊಂಡು ಕೇಳುವ ಮಾತು ಇದು. ಈ ಪಟದ ಮುಂದಿನ ಅಂಚು ಪೂರ್ತಿ ಗಾಳಿ ತುಂಬಿದ ಕೊಳವೆ. ಅದರಿಂದ ಪಕ್ಕೆಲುಬಿನ ಹಾಗೆ ಅಡ್ಡ ಕೊಳವೆಗಳು. 1984ರಲ್ಲಿ ಫ್ರಾನ್ಸಿನ ಬ್ರೂನೊ ಮತ್ತು ಡೊಮಿನಿಕ್ ಲೆಗೆನ್ಯು ಅನ್ನುವ ಅಣ್ಣತಮ್ಮಂದಿರು ಇದಕ್ಕೆ ಪೇಟೆಂಟ್ ಹಾಕಿದರು. ನೀರಿಗೆ ಬಿದ್ದ ಪಟ ತೇಲಬೇಕು, ಮತ್ತೆ ಏಳಬೇಕು, ಅವರು ಹುಡುಕಿದ್ದೇ ಅದನ್ನ. ಅಂದರೆ ನಿಮ್ಮ ಕೈಯಲ್ಲಿರೋದು ದೊಡ್ಡ ಸೋರೆಬುರುಡೆ. ಬಾವಿಯ ಮಧ್ಯೆ ಯಾರಾದರೂ ಬುರುಡೆ ಬಿಚ್ಚಿ ಎಸೆಯುತ್ತಾರಾ?

ನನಗೇ ಒಮ್ಮೆ ಹೀಗಾಯಿತು. ರಾಮೇಶ್ವರದ ಹತ್ತಿರ, ಮಧ್ಯಾಹ್ನ ಮೂರೂವರೆ ಹೊತ್ತು. ದಡ ಏಳೆಂಟು ನೂರು ಮೀಟರ್ ದೂರ. ಕಾವಲು ದೋಣಿಗೆ ಅಂತ ನಮ್ಮಿಂದ ದುಡ್ಡು ತೆಗೆದುಕೊಂಡವರ ದೋಣಿ ಆ ದಿನ ಡೀಸೆಲ್ ಇಲ್ಲದೆ ಮರಳ ಮೇಲೇ ಇತ್ತು. ಗಾಳಿ ಇಳಿಯಿತು ಅನ್ನಿಸಿದ ತಕ್ಷಣ ದಡದ ಕಡೆ ತಿರುಗಿದೆ. ಪಟವನ್ನು ಮೇಲೆ ಕೆಳಗೆ ಬೀಸಿ ಬೀಸಿ ಇನ್ನೂರು ಮೀಟರ್ ಬಂದಿರಬಹುದು. ಆಮೇಲೆ ಅದೂ ಬಿತ್ತು.

ಮೊದಲು ಎದೆ ಮುಂದಿನ ಬಿಡುಗಡೆ ಕೊಂಡಿ ತಳ್ಳಿದೆ. ಗಾಳಿನೇ ಇಲ್ಲದಾಗ ಅದೇಕೆ ಅಂತೀರಾ? ಹೋದ ಗಾಳಿ ಹೇಳದೆ ವಾಪಸ್ ಬರುತ್ತೆ, ಅದಕ್ಕೆ. ಕೊಂಡಿ ಬಿಟ್ಟರೆ ಪಟ ಒಂದೇ ದಾರದಲ್ಲಿ ಜೋತು ಬೀಳುತ್ತೆ, ಎಳೆಯಲ್ಲ. ಆ ಒಂದು ದಾರವನ್ನೇ ಮೊದಲು ಬಾರ್‌ಗೆ ಸುತ್ತಬೇಕು. ನಾಲ್ಕನ್ನೂ ಒಟ್ಟಿಗೆ ಸಮನಾಗಿ ಸುತ್ತಿದರೆ ಪಟ ಮತ್ತೆ ಗಾಳಿ ಹಿಡಿಯಬಹುದು. ಆರೇಳು ಮೀಟರ್ ಸುತ್ತಿ ಗಂಟು ಹಾಕಿ, ಆಮೇಲೆ ಉಳಿದವನ್ನೆಲ್ಲ ಸೇರಿಸಿ ಸುತ್ತಬೇಕು. ದಾರ ಬಾರ್ ಮೇಲೆ ಮಾತ್ರ, ಬೆರಳಿಗೆ ಒಂದು ಸುತ್ತೂ ಬೇಡ. ಉಪ್ಪುನೀರಲ್ಲಿ ನನ್ನ ಬೆರಳು ಸುಕ್ಕುಗಟ್ಟಿ ದಾರ ಜಾರುತ್ತಿತ್ತು. ಒಂದೊಂದು ಸುತ್ತನ್ನೂ ಹೆಬ್ಬೆರಳಲ್ಲಿ ಒತ್ತಿ ಹಿಡಿದು ಮುಂದಿನದು ಹಾಕಿದೆ.

ಪಟ ಕೈಗೆ ಸಿಕ್ಕ ಮೇಲೆ ಅರ್ಧ ಜೀವ ಬಂತು. ದಡದ ಕಡೆ ಒಂಚೂರು ಗಾಳಿ ಇದ್ದರೂ ಸಾಕು. ಒಂದು ತುದಿಯನ್ನು ಕೈಯಲ್ಲಿ ಹಿಡಿದು, ಇನ್ನೊಂದು ತುದಿಯ ದಾರ ಎಳೆದು ಬಾಗಿಸಿದರೆ ಅದೇ ಹಾಯಿ. ನನಗೆ ಅದೂ ಇರಲಿಲ್ಲ. ದೊಡ್ಡ ಕೊಳವೆಯ ಮೇಲೆ ಬೋರಲು ಮಲಗಿ ಎರಡೂ ಕೈಯಿಂದ ನೀರು ಹಿಂದಕ್ಕೆ ತಳ್ಳಿಕೊಂಡು ಬಂದೆ. ಸುಸ್ತಾದಾಗ ಹಾಗೇ ಮಲಗಿದ್ದೆ. ಒಂದೂವರೆ ಗಂಟೆ ಹಿಡಿಯಿತು. ಈಜಿಕೊಂಡು ಬಂದಿದ್ದರೆ ಹಾಗೆ ಮಲಗೋಕೆ ಏನಿರುತ್ತಿತ್ತು?

ಕೊಳವೆಯ ಗಾಳಿ ಬಿಟ್ಟು ಪಟ ಮಡಚೋದು ಕೊನೆಯ ದಾರಿ. ಆಗಲೂ ಅಡ್ಡ ಕೊಳವೆಗಳ ಗಾಳಿ ಹೋಗದ ಹಾಗೆ ಅವುಗಳ ಕ್ಲಿಪ್ ಮೊದಲು ಮುಚ್ಚಿ, ಮುಂದಿನ ಕೊಳವೆ ಮಾತ್ರ ಖಾಲಿ ಮಾಡಿ. ಸುತ್ತಿದ ಪಟ ಆಗಲೂ ತೇಲುತ್ತೆ. ದೋಣಿ ಕಂಡರೆ ಒಂದು ಕೈ ಬೀಸಬೇಡಿ, ನಮಸ್ಕಾರ ಅಂದುಕೊಂಡು ಅವರೂ ಕೈ ಬೀಸಿ ಹೋಗುತ್ತಾರೆ. ಎರಡೂ ಕೈ ಅಗಲಿಸಿ ನಿಧಾನವಾಗಿ ಮೇಲೆ ಕೆಳಗೆ ಮಾಡಿ, ಸಮುದ್ರದಲ್ಲಿ ಎಲ್ಲ ದೇಶದವರಿಗೂ ಗೊತ್ತಿರುವ ಅಪಾಯದ ಸನ್ನೆ ಅದು. ಫೋನ್ ನೀರು ಹೋಗದ ಚೀಲದಲ್ಲಿದ್ದರೆ ಕರಾವಳಿ ಕಾವಲು ಪಡೆಯ 1554ಕ್ಕೆ ಕರೆ ಮಾಡಿ.

ದಾರ ಸುತ್ತೋದನ್ನು ಕಲಿಯೋಕೆ ಸಮುದ್ರ ಬೇಡ, ನಮ್ಮ ಮೈದಾನ ಸಾಕು. ನಮ್ಮ ಗುಂಪಿನಲ್ಲಿ ಪಿಯುಸಿ ಓದುವ ಒಬ್ಬಳು ಹುಡುಗಿ ಕಣ್ಣು ಮುಚ್ಚಿಕೊಂಡು ನಾಲ್ಕೂ ದಾರವನ್ನು ಒಂದು ಸಿಕ್ಕಿಲ್ಲದೆ ಸುತ್ತುತ್ತಾಳೆ. ಇನ್ನೂ ಸಮುದ್ರ ನೋಡಿಲ್ಲ ಅವಳು. ನೋಡಿದ ದಿನ ಅವಳ ಬಗ್ಗೆ ನನಗೆ ಚಿಂತೆ ಇರಲ್ಲ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ, ನನಗೆ ಅದೇ ಜಾಸ್ತಿ ಮುಖ್ಯ. ಗಾಳಿ ನಿಲ್ಲೋದು ಮೊದಲೇ ಗೊತ್ತಾಗುತ್ತಾ? ಎಷ್ಟೋ ಸಲ ಗೊತ್ತಾಗುತ್ತೆ. ಬಿಸಿಲಿಗೆ ನೆಲ ಕಾದು ಕಡಲಿಂದ ಬೀಸುವ ಗಾಳಿ ಹೊತ್ತು ಇಳಿದಂತೆ ಇಳಿಯುತ್ತೆ. ಹಾಗಾಗಿ ಸಂಜೆ ದೂರ ಹೋಗಬಾರದು. ದೊಡ್ಡ ಕಪ್ಪು ಮೋಡ ಕಟ್ಟಿ ಗಾಳಿ ತಟ್ಟನೆ ಸತ್ತರೆ ಇನ್ನೂ ಹುಷಾರಾಗಿರಬೇಕು. ಭರಣಿ ಮಳೆಗೆ ಮುಂಚೆ ನಮ್ಮಲ್ಲಿ ಆಗಲ್ವಾ? ಧಗೆ, ಒಂದು ಎಲೆ ಅಲ್ಲಾಡಲ್ಲ, ಆಮೇಲೆ ಒಮ್ಮೆಲೇ ಧೂಳು ಎಬ್ಬಿಸಿಕೊಂಡು ನುಗ್ಗುತ್ತೆ. ಸಮುದ್ರದ ಮೇಲೂ ಅದೇ ಗಾಳಿ.

ಇದನ್ನು ನಾನು ಕಲಿತದ್ದು ಕಡಲಲ್ಲಿ ಅಲ್ಲ, ಕಣದಲ್ಲಿ. ಸುಗ್ಗಿಯಲ್ಲಿ ನಮ್ಮಜ್ಜಿ ರಾಗಿ ತೂರುವಾಗ ಮೊರ ಎತ್ತುವ ಮೊದಲು ಒಂದು ಹಿಡಿ ಹೊಟ್ಟು ಬಿಟ್ಟು ನೋಡುತ್ತಿದ್ದರು. ಹೊಟ್ಟು ರಾಶಿಯಿಂದ ಮಾರುದೂರ ಬಿದ್ದರೆ ತೂರುವುದು. ಹತ್ತಿರ ಹತ್ತಿರ ಬೀಳತೊಡಗಿದರೆ, ಗಾಳಿ ಇನ್ನೂ ಇದ್ದಾಗಲೇ, "ಸಾಕು, ಮುಚ್ರೋ" ಅನ್ನುತ್ತಿದ್ದರು. ನಾವು ರಾಶಿಗೆ ಗೋಣಿತಾಟು ಹೊದಿಸಿ ಮುಗಿಸುವಷ್ಟರಲ್ಲಿ ಗಾಳಿ ನಿಂತಿರುತ್ತಿತ್ತು.